ಅಳಿಯಕಟ್ಟು, ಕಟ್ಟದ ನೆತ್ತರು

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಒಂದು ವ್ಯಾಖ್ಯೆ ಇದೆ. ಕುಟುಂಬದ ಒಬ್ಬ ಹೆಂಗಸು ಮತ್ತು ಹೆಣ್ಣಿನ ಕಡೆಯಿಂದ ಇಳಿದು ಬಂದ ಅವಳ ಸಂತತಿ ಸೇರಿದರೆ ಅದು ಒಂದು 'ಕವರು'. ಆ ಕವರಿನಲ್ಲಿ ಐವತ್ತು ವರ್ಷ ತುಂಬದ ಒಬ್ಬ ಹೆಂಗಸಾದರೂ ಇದ್ದರೆ ಅದು 'ಸಂತತಿ ಕವರು'. ಇಲ್ಲದಿದ್ದರೆ 'ನಿಸ್ಸಂತತಿ ಕವರು'. ಅಂದರೆ ನಾಲ್ಕು ಗಂಡುಮಕ್ಕಳಿದ್ದು, ಆ ನಾಲ್ವರಿಗೂ ಮಕ್ಕಳು ಮರಿ ತುಂಬಿದ್ದರೂ, ಆ ಶಾಖೆಯಲ್ಲಿ ಪ್ರಾಯದ ಹೆಂಗಸು ಇಲ್ಲವೆಂದರೆ ಕಾನೂನಿನ ಕಣ್ಣಲ್ಲಿ ಅದಕ್ಕೆ ಸಂತತಿಯೇ ಇಲ್ಲ. ಬೇರೆ ಸಂತತಿ ಕವರು ಇರುವ ಕುಟುಂಬದಲ್ಲಿ ಪಾಲಾದರೆ ಅಂಥ ಶಾಖೆಯ ಪಾಲು ಜೀವಿತಾವಧಿಗೆ ಮಾತ್ರ. ಅವರ ಕಾಲಾನಂತರ ಅದು ಹೆಣ್ಣಿರುವ ಕವರಿಗೆ ಮರಳಬೇಕು.

ನನ್ನ ಪಿಎಚ್‌ಡಿ ಇಂಥ ಪಾಲುಪಟ್ಟಿಗಳ ಮೇಲೆ. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನ ಅಧೀನದಲ್ಲಿದ್ದ ಕಾಲದಲ್ಲಿ ಕುಟುಂಬಗಳು ಕೋರ್ಟು ಹತ್ತಿದ ಬಗೆ, ಯಜಮಾನನ ವಿರುದ್ಧ ತಂಗಿಯರು ಕೊಟ್ಟ ಅರ್ಜಿಗಳು, ಪಾಲು ಕೇಳುವ ಹಕ್ಕೇ ಯಾರಿಗೂ ಇಲ್ಲ ಎಂದು 1860ರ ದಶಕದಲ್ಲಿ ಮದ್ರಾಸ್ ಹೈಕೋರ್ಟು ಕೊಟ್ಟ ತೀರ್ಪು, ಆ ಹಕ್ಕನ್ನು ತಂದ 1949ರ ಕಾಯ್ದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಈ ಪದ್ಧತಿ ಕಾನೂನಿನಲ್ಲಿ ಕ್ರಮೇಣ ಕರಗಿತು. ತುಳುನಾಡಿನವರಲ್ಲದ ಗೆಳೆಯರಿಗೆ ನಾನು ಇದನ್ನು ಒಂದೇ ವಾಕ್ಯದಲ್ಲಿ ಹೇಳುವುದುಂಟು: ಆಸ್ತಿ ಅಪ್ಪನಿಂದ ಮಗನಿಗಲ್ಲ, ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ. ದಾರಿ ಮಾತ್ರ ಹೆಂಗಸಿನ ಮೂಲಕ.

ನಮ್ಮ ಮನೆಯಲ್ಲಿ ಈ ದಾರಿಯಲ್ಲಿ ಆಸ್ತಿಯೇನೂ ದೊಡ್ಡದಾಗಿ ಬರಲಿಲ್ಲ. ಇದ್ದ ಗದ್ದೆ ಭೂಸುಧಾರಣೆಯಲ್ಲಿ ಹೋಯಿತು. ಬಂದದ್ದು ಹಿಮೋಫಿಲಿಯಾ.

ನನ್ನ ಮಾವನಿಗೆ, ಅಂದರೆ ಅಮ್ಮನ ತಮ್ಮನಿಗೆ, ಅದು ತೀವ್ರ ಸ್ವರೂಪದಲ್ಲಿ ಇದೆ. ಅಜ್ಜಿಯ ಅಣ್ಣನಿಗೂ ಇದ್ದಿರಬೇಕು. ಅವರು ಒಂಬತ್ತನೆಯ ವಯಸ್ಸಿನಲ್ಲಿ ಪೇರಳೆ ಮರದಿಂದ ಬಿದ್ದು ನಾಲಗೆ ಕಚ್ಚಿಕೊಂಡರಂತೆ. ಮೂರು ದಿನ ನೆತ್ತರು ನಿಲ್ಲಲಿಲ್ಲ, ನಾಲ್ಕನೆಯ ದಿನ ಹುಡುಗ ಉಳಿಯಲಿಲ್ಲ. ಪ್ರಶ್ನೆ ಇಟ್ಟಾಗ ದೈವಕ್ಕೆ ಹೇಳಿದ ಹರಕೆ ಬಾಕಿ ಇದೆ ಎಂದು ಕಂಡುಬಂತು. ಕುಟುಂಬದವರು ನೇಮ ಕೊಟ್ಟರು. ಮುಂದೆ ಅಜ್ಜಿಗೆ ಮಾವ ಹುಟ್ಟಿ, ಅಂಬೆಗಾಲಿಡುವ ಹೊತ್ತಿಗೆ ಮೊಣಕಾಲ ಮೇಲೆಲ್ಲ ನೀಲಿ ಗಡ್ಡೆಗಳು ಎದ್ದಾಗ ಅಜ್ಜಿ ಯಾರನ್ನೂ ಕೇಳಲಿಲ್ಲ. ಅವರಿಗೆ ಗೊತ್ತಾಗಿತ್ತು. "ಅಣ್ಣನದ್ದೇ ಬಂತು" ಎಂದರಂತೆ. ವೈದ್ಯಶಾಸ್ತ್ರ ಓದದ ಹೆಂಗಸು ಒಂದೇ ಮಾತಿನಲ್ಲಿ ರೋಗದ ಹೆಸರು ಹೇಳದೆಯೇ ಅದರ ದಾರಿಯನ್ನು ಹೇಳಿಬಿಟ್ಟಿದ್ದರು.

ಈ ದಾರಿಯನ್ನು ಜನ ಬಹಳ ಹಿಂದೆಯೇ ಗಮನಿಸಿದ್ದರು. ಯೆಹೂದಿಗಳ ತಾಲ್ಮುದ್‌ನಲ್ಲಿ ಸುನ್ನತಿಯ ನಂತರ ಇಬ್ಬರು ಗಂಡುಮಕ್ಕಳು ಸತ್ತರೆ ಮೂರನೆಯವನಿಗೆ ಮಾಡಬಾರದೆಂಬ ವಿಚಾರ ಬರುತ್ತದೆ. ಅಕ್ಕತಂಗಿಯರ ಮಕ್ಕಳು ಹೀಗೆ ಸತ್ತಿದ್ದರೆ ಏನು ಮಾಡಬೇಕೆಂಬ ಚರ್ಚೆಯೂ ಅಲ್ಲಿದೆ. 1803ರಲ್ಲಿ ಫಿಲಡೆಲ್ಫಿಯಾದ ಜಾನ್ ಕಾನ್ರಾಡ್ ಆಟೊ ಎಂಬ ವೈದ್ಯ ಕೆಲವು ಕುಟುಂಬಗಳಲ್ಲಿ ಕಾಣುವ ರಕ್ತಸ್ರಾವದ ಸ್ವಭಾವದ ಬಗ್ಗೆ ಬರೆದ. ನರಳುವವರು ಗಂಡಸರು, ದಾಟಿಸುವವರು ಹೆಂಗಸರು ಎಂದು ಅವನು ಸ್ಪಷ್ಟವಾಗಿ ಹೇಳಿದ. ವಿಕ್ಟೋರಿಯಾ ರಾಣಿಯ ಮನೆತನದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬಿಡುತ್ತೇನೆ. ನಮ್ಮ ಕನ್ನಡ ಪತ್ರಿಕೆಗಳು ಇದನ್ನು 'ಕುಸುಮ ರೋಗ' ಎನ್ನುತ್ತವೆ. ಮಾವನ ಮೊಣಕಾಲು ನೋಡಿದವರಿಗೆ ಆ ಹೂವಿನ ಹೆಸರು ಒಗ್ಗುವುದು ಕಷ್ಟ.

ಹಿಮೋಫಿಲಿಯಾ ಇದ್ದವರಿಗೆ ಗಾಯವಾದರೆ ರಕ್ತ ಕೊಡದಿಂದ ಸುರಿದ ಹಾಗೆ ಸುರಿಯುತ್ತದೆ ಎಂಬ ಕಲ್ಪನೆ ತುಂಬ ಜನರಲ್ಲಿದೆ. ಹಾಗಲ್ಲ. ಅವರ ರಕ್ತ ನಮ್ಮದಕ್ಕಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ಸಣ್ಣ ಗೀರು, ಸೂಜಿ ಚುಚ್ಚಿದ್ದು ಇವೆಲ್ಲ ನಮ್ಮಂತೆಯೇ ನಿಲ್ಲುತ್ತವೆ. ಏಕೆಂದರೆ ರಕ್ತ ನಿಲ್ಲುವುದು ಎರಡು ಹಂತದಲ್ಲಿ. ನಾಳ ಹರಿದ ಕೂಡಲೇ ಅದು ತಾನೇ ಸೆಟೆದುಕೊಳ್ಳುತ್ತದೆ, ಪ್ಲೇಟ್‌ಲೆಟ್‌ಗಳು ಓಡಿಬಂದು ಒಂದಕ್ಕೊಂದು ಅಂಟಿಕೊಂಡು ಬಾಯಿ ಮುಚ್ಚುತ್ತವೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಈ ಪ್ಲೇಟ್‌ಲೆಟ್‌ಗಳು ಮಾವನಲ್ಲಿ ಸರಿಯಾಗಿಯೇ ಇವೆ. ಆದರೆ ಇದು ಗದ್ದೆಯ ಕಟ್ಟಪುಣಿಗೆ ಒಂದು ಹಿಡಿ ಕೆಸರು ಮೆತ್ತಿದ ಹಾಗೆ. ಸ್ವಲ್ಪ ಹೊತ್ತು ತಡೆಯುತ್ತದೆ, ಒತ್ತಡ ಹೆಚ್ಚಾದರೆ ಕೊಚ್ಚಿಹೋಗುತ್ತದೆ. ಅದರ ಮೇಲೆ ಫೈಬ್ರಿನ್ ಎಂಬ ನೂಲಿನ ಬಲೆ ಬೀಳಬೇಕು. ಆ ಬಲೆ ನೇಯುವುದು ಎರಡನೆಯ ಹಂತ.

ಬಲೆಯ ನೂಲು ರಕ್ತದಲ್ಲಿ ಕರಗಿದ ರೂಪದಲ್ಲಿ ಯಾವಾಗಲೂ ಇರುತ್ತದೆ. ಅದು ಸುಮ್ಮಸುಮ್ಮನೆ ಕಟ್ಟಿಕೊಂಡರೆ ಹೃದಯಕ್ಕೋ ಮೆದುಳಿಗೋ ಅಪಾಯ. ಆದ್ದರಿಂದ ದೇಹ ಅದಕ್ಕೆ ಹಲವು ಬೀಗ ಹಾಕಿಟ್ಟಿದೆ. ಒಂದು ಬೀಗ ತೆರೆದರೆ ಅದು ಮುಂದಿನದನ್ನು ತೆರೆಯಬೇಕು. ಈ ಬೀಗಗಳೇ 'ಫ್ಯಾಕ್ಟರ್'ಗಳು, ರೋಮನ್ ಅಂಕಿಗಳಲ್ಲಿ ಎಣಿಸುತ್ತಾರೆ. 1964ರಲ್ಲಿ ಇಬ್ಬರು ಅಮೆರಿಕನ್ನರು ಮತ್ತು ಬ್ರಿಟನ್ನಿನ ಮ್ಯಾಕ್‌ಫರ್ಲೇನ್ ಬೇರೆ ಬೇರೆಯಾಗಿ ಈ ಸರಣಿಯನ್ನು ವಿವರಿಸಿದಾಗ ಇಬ್ಬರಿಗೂ ಹೊಳೆದ ಹೋಲಿಕೆ ಜಲಪಾತದ್ದು. ಮೇಲಿನ ಮೆಟ್ಟಿಲಲ್ಲಿ ಬೀಳುವುದು ಹನಿ, ಕೆಳಗೆ ತಲುಪುವಾಗ ಧಾರೆ. ಇದರಲ್ಲಿ ಒಂಬತ್ತನೆಯ ಫ್ಯಾಕ್ಟರ್ ಹತ್ತನೆಯದನ್ನು ಎಬ್ಬಿಸಬೇಕು. ಒಂದೇ ಇದ್ದರೆ ಅದು ಆ ಕೆಲಸವನ್ನು ಎಷ್ಟು ನಿಧಾನವಾಗಿ ಮಾಡುತ್ತದೆಂದರೆ ಮಾಡದಿದ್ದ ಹಾಗೇ. ಎಂಟನೆಯದು ಪಕ್ಕದಲ್ಲಿ ನಿಂತರೆ ವೇಗ ಸಾವಿರಾರು ಪಟ್ಟು ಹೆಚ್ಚುತ್ತದೆ. ಎಂಟನೆಯದು ಸ್ವತಃ ಏನನ್ನೂ ಕತ್ತರಿಸುವುದಿಲ್ಲ, ನಿಂತಿದ್ದರೆ ಸಾಕು.

ಎಂಟನೆಯದು ಇಲ್ಲದವರದ್ದು ಹಿಮೋಫಿಲಿಯಾ ಎ. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ. ಒಂಬತ್ತನೆಯದು ಇಲ್ಲದವರದ್ದು ಹಿಮೋಫಿಲಿಯಾ ಬಿ, ಇನ್ನೂ ಅಪರೂಪ. ಇವು ಎರಡು ಬೇರೆ ಎಂದು ಗೊತ್ತಾದದ್ದು ಚಂದದ ರೀತಿಯಲ್ಲಿ. 1947ರಲ್ಲಿ ಬ್ಯೂನಸ್ ಐರಿಸ್‌ನ ಪಾವ್ಲೊವ್‌ಸ್ಕಿ ಇಬ್ಬರು ರೋಗಿಗಳ ರಕ್ತವನ್ನು ಬೆರೆಸಿದಾಗ, ಒಂದೊಂದಾಗಿ ಹೆಪ್ಪುಗಟ್ಟದ ರಕ್ತಗಳು ಬೆರೆತಾಗ ಹೆಪ್ಪುಗಟ್ಟಿದವು. ಒಬ್ಬನಲ್ಲಿ ಇಲ್ಲದ್ದು ಇನ್ನೊಬ್ಬನಲ್ಲಿತ್ತು. ಎರಡನೆಯ ಬಗೆಗೆ 1952ರಲ್ಲಿ ಸ್ಟೀಫನ್ ಕ್ರಿಸ್‌ಮಸ್ ಎಂಬ ಹುಡುಗನ ಹೆಸರಿಟ್ಟರು. ಆ ಲೇಖನ ಬ್ರಿಟಿಷ್ ಮೆಡಿಕಲ್ ಜರ್ನಲಿನ ಕ್ರಿಸ್‌ಮಸ್ ಸಂಚಿಕೆಯಲ್ಲೇ ಬಂದದ್ದರಿಂದ ತಮಾಷೆ ಎಂದುಕೊಂಡವರೂ ಇದ್ದಾರೆ. ಸ್ಟೀಫನ್ 1993ರಲ್ಲಿ ತೀರಿಕೊಂಡ, ತನಗೆ ಕೊಟ್ಟ ರಕ್ತದಿಂದ ಬಂದ ಏಡ್ಸ್‌ನಿಂದ. 80ರ ದಶಕದಲ್ಲಿ ಸಾವಿರಾರು ಹಿಮೋಫಿಲಿಯಾ ರೋಗಿಗಳಿಗೆ ಹೀಗಾಯಿತು. ಅವರನ್ನು ಉಳಿಸಬೇಕಾದ ಔಷಧವನ್ನು ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಟ್ಟುಗೂಡಿಸಿ ತಯಾರಿಸುತ್ತಿದ್ದರು. ನಮ್ಮ ಮಾವನಿಗೆ ಆ ಔಷಧ ಕೊಳ್ಳುವ ಶಕ್ತಿ ಆಗ ಇರಲಿಲ್ಲ. ಬಡತನ ಒಮ್ಮೊಮ್ಮೆ ಹೀಗೂ ಕಾಪಾಡುತ್ತದೆ ಎಂದು ಅವರೇ ಹೇಳುತ್ತಾರೆ. ಬದಲಿಗೆ ಅವರ ಕಾಲು ಹೋಯಿತು.

ಹಿಮೋಫಿಲಿಯಾದಲ್ಲಿ ಹೆಚ್ಚಿನ ರಕ್ತ ಹೊರಗೆ ಹರಿಯುವುದೇ ಇಲ್ಲ, ಒಳಗೆ ಹರಿಯುತ್ತದೆ. ಮೊಣಕಾಲು, ಮೊಣಕೈ, ಹರಡು, ಹೀಗೆ ದೇಹದ ಭಾರ ತಿರುಗುವ ಗಂಟುಗಳಲ್ಲಿ. ಮಾವ ಹೇಳುವ ಪ್ರಕಾರ ಮೊದಲು ಗಂಟಿನೊಳಗೆ ಇರುವೆ ಹರಿದ ಹಾಗೆ ಆಗುತ್ತದೆ. ಆಮೇಲೆ ಬಿಸಿ. ಆಮೇಲೆ ಗಂಟು ಹಲಸಿನ ಕಾಯಿಯಂತೆ ಬಿಗಿಯುತ್ತದೆ. ಆಮೇಲಿನದನ್ನು ಅವರು ವರ್ಣಿಸುವುದಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಅವರನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟದ್ದುಂಟಂತೆ. ವಾರಗಟ್ಟಲೆ ಮಲಗಿದ ಕಾಲು ಮಡಚಿದಂತೆಯೇ ಉಳಿಯಿತು. ರಕ್ತ ಗಂಟಿನ ಮೃದ್ವಸ್ಥಿಯನ್ನು ತಿನ್ನುತ್ತದೆ. ಇಪ್ಪತ್ತಕ್ಕೆ ಅವರ ಮೊಣಕಾಲಿನ ಎಕ್ಸ್‌ರೇ ಎಪ್ಪತ್ತರ ಮುದುಕನದ್ದಾಗಿತ್ತು. ಈಗ ಅವರು ಕೂತು ಮಾಡಬಹುದಾದ ಕೆಲಸ ಎಂದು ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ನನ್ನ ಪಾಲುಪಟ್ಟಿಗಳ ನಕಲು ಎಲ್ಲವೂ ಅಲ್ಲಿಯದೇ, ದುಡ್ಡು ತೆಗೆದುಕೊಳ್ಳುವುದಿಲ್ಲ. ಫ್ಯಾಕ್ಟರ್ ಈಗ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ಸಿಗದ ತಿಂಗಳೂ ಇರುತ್ತದೆ. ಕೊಟ್ಟ ಎಂಟನೆಯ ಫ್ಯಾಕ್ಟರ್ ಸುಮಾರು ಹನ್ನೆರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುವುದರಿಂದ ಮತ್ತೆ ಮತ್ತೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫಿಲಿಯಾ ಸೇರಿದ್ದು ಅವರಿಗೆ ಒಂದು ಕಾರ್ಡು ಕೊಟ್ಟಿದೆ. ಎಂಟನೆಯ ಫ್ಯಾಕ್ಟರಿನ ಜಾಗದಲ್ಲಿ ತಾನೇ ನಿಂತು ಒಂಬತ್ತನ್ನೂ ಹತ್ತನ್ನೂ ಸೇರಿಸುವ ಎಮಿಸಿಜುಮಾಬ್ ಎಂಬ ಔಷಧ ಬಂದಿದೆ. ಅದನ್ನು ಚರ್ಮದಡಿಗೆ ಚುಚ್ಚಿದರೆ ಸಾಕು, ತಿಂಗಳಿಗೊಮ್ಮೆಯೂ ಕೊಡಬಹುದು. ವೆಲ್ಲೂರಿನ ಸಿಎಂಸಿಯಲ್ಲಿ ಐವರು ರೋಗಿಗಳಿಗೆ ಅವರದೇ ರಕ್ತದ ಕಾಂಡಕೋಶಗಳಲ್ಲಿ ಎಂಟನೆಯ ಫ್ಯಾಕ್ಟರಿನ ಜೀನನ್ನು ಕೂರಿಸಿದ ಪ್ರಯೋಗದ ವಿವರ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಮಾವ ಆ ಸುದ್ದಿಯ ಜೆರಾಕ್ಸ್ ತೆಗೆದು ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ.

ಇಲ್ಲಿಯವರೆಗಿನದು ಗಂಡಸರ ಕಥೆ. ಹಿಮೋಫಿಲಿಯಾ ಎಂದರೆ ಎಲ್ಲರೂ ಇಷ್ಟೇ ಹೇಳುತ್ತಾರೆ, ನಾವೂ ಹೇಳುತ್ತಿದ್ದೆವು.

ಎರಡು ವರ್ಷದ ಹಿಂದೆ ಅಮ್ಮನಿಗೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಆಗ ಅವರಿಗೆ 49. ಮುಟ್ಟು ಎಂಟು ಹತ್ತು ದಿನ ಹೋಗುತ್ತಿತ್ತು, ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಸ್ಕ್ಯಾನಿನಲ್ಲಿ ಸಣ್ಣದೊಂದು ಫೈಬ್ರಾಯ್ಡ್ ಕಂಡಿತು. "ಮಕ್ಕಳೆಲ್ಲ ಆಯ್ತಲ್ಲ, ತೆಗೆದುಬಿಡುವ" ಎಂದರು ಒಂದು ಖಾಸಗಿ ಆಸ್ಪತ್ರೆಯ ವೈದ್ಯರು. ನಮ್ಮ ಜಿಲ್ಲೆಯಲ್ಲಿ ಹೆಂಗಸರು ಈ ಮಾತನ್ನು ಎಷ್ಟು ಸಲ ಕೇಳಿದ್ದಾರೆಂದರೆ ಅಮ್ಮನಿಗೆ ಅದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ. ಫಾರಮ್ಮಿನಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಕೇಳಿದ್ದರು. ಕುಟುಂಬದ ರೋಗಗಳ ಮುಂದೆ 'ಇಲ್ಲ' ಎಂದು ಬರೆದಿತ್ತು.

ಹಿಂದಿನ ಸಂಜೆ ಅರಿವಳಿಕೆಯ ವೈದ್ಯೆ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅವರು ಕೇಳಿದ್ದು ಬೇರೆ ಪ್ರಶ್ನೆ: "ಹಲ್ಲು ಕೀಳಿಸಿದ್ದುಂಟಾ ಅಮ್ಮಾ? ಎಷ್ಟು ಹೊತ್ತು ರಕ್ತ ಬಂತು?"

"ಎರಡು ದಿನ. ಎಲ್ಲರಿಗೂ ಬರ್ತದಲ್ಲಾ."

"ಹೆರಿಗೆಯಲ್ಲಿ?"

"ಇವಳು ಹುಟ್ಟಿದ ಮೇಲೆ ಹನ್ನೊಂದನೇ ದಿನ ಮತ್ತೆ ಸುರು ಆಯ್ತು. ಎರಡು ಬಾಟ್ಲಿ ರಕ್ತ ಕೊಟ್ರು."

"ಮನೆಯಲ್ಲಿ ಯಾರಿಗಾದರೂ ರಕ್ತ ನಿಲ್ಲದ ತೊಂದರೆ?"

"ತಮ್ಮನಿಗೆ ಉಂಟು. ನನಗೆಂತ ಇಲ್ಲ. ಅದು ಗಂಡಸರಿಗೆ ಮಾತ್ರ ಬರುವುದು."

ವೈದ್ಯೆ ಪೆನ್ನು ಮುಚ್ಚಿ ಹೊರಗೆ ಹೋಗಿ ಫೋನು ಮಾಡಿದರು. ಮರುದಿನದ ಶಸ್ತ್ರಚಿಕಿತ್ಸೆ ಮುಂದೆ ಹೋಯಿತು. ಒಂದು ವಾರದ ಮೇಲೆ ಬಂದ ವರದಿಯಲ್ಲಿ ಅಮ್ಮನ ಎಂಟನೆಯ ಫ್ಯಾಕ್ಟರ್ 28 ಶೇಕಡಾ.

ಇದು ಹೇಗೆ ಸಾಧ್ಯ ಎಂದು ನಾನು ಓದಲು ಕೂತದ್ದು ಆಗ. ಎಂಟನೆಯ ಫ್ಯಾಕ್ಟರಿನ ಜೀನು ಇರುವುದು ಎಕ್ಸ್ ಕ್ರೋಮೊಸೋಮಿನಲ್ಲಿ. ಗಂಡಿಗೆ ಒಂದೇ ಎಕ್ಸ್, ಅದು ಅಮ್ಮನಿಂದ ಬಂದದ್ದು. ಅದು ಕೆಟ್ಟಿದ್ದರೆ ಬದಲಿ ಇಲ್ಲ. ಹೆಣ್ಣಿಗೆ ಎರಡು ಎಕ್ಸ್, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ, ಆದ್ದರಿಂದ ಅವಳಿಗೆ ರೋಗವಿಲ್ಲ, ಅವಳು ಬರೀ 'ವಾಹಕಿ'. ಪಿಯುಸಿ ಜೀವಶಾಸ್ತ್ರ ಇಲ್ಲಿಗೆ ನಿಲ್ಲುತ್ತದೆ. ಆದರೆ ಎರಡು ಎಕ್ಸ್‌ಗಳೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಭ್ರೂಣದ ಆರಂಭದ ದಿನಗಳಲ್ಲಿ ಪ್ರತಿಯೊಂದು ಕೋಶದಲ್ಲೂ ಎರಡರಲ್ಲಿ ಒಂದು ಎಕ್ಸ್ ಮಲಗಿಬಿಡುತ್ತದೆ. ಯಾವುದು ಮಲಗಬೇಕೆಂಬುದು ಚೀಟಿ ಎತ್ತಿದ ಹಾಗೆ. ಆ ಕೋಶದಿಂದ ಹುಟ್ಟಿದ ಕೋಶಗಳೆಲ್ಲ ಅದನ್ನೇ ಪಾಲಿಸುತ್ತವೆ. 1961ರಲ್ಲಿ ಮೇರಿ ಲಯನ್ ಎಂಬ ವಿಜ್ಞಾನಿ ಇದನ್ನು ಇಲಿಗಳ ಮೈಬಣ್ಣ ನೋಡಿ ಊಹಿಸಿದರು. ನಮ್ಮ ಅಂಗಳದ ಮೂರು ಬಣ್ಣದ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಆಗಿರುವುದು ಇದೇ ಕಾರಣಕ್ಕೆ. ಕೆಂಚು ತೇಪೆಯಲ್ಲಿ ಒಂದು ಎಕ್ಸ್ ಎಚ್ಚರ, ಕಪ್ಪು ತೇಪೆಯಲ್ಲಿ ಇನ್ನೊಂದು.

ಹಾಗಾಗಿ ವಾಹಕಿಯರ ಫ್ಯಾಕ್ಟರ್ ಸರಾಸರಿ ಸಾಮಾನ್ಯರ ಅರ್ಧದಷ್ಟು ಇರುತ್ತದೆ, ಆದರೆ ಒಬ್ಬೊಬ್ಬರದು ಒಂದೊಂದು. ಒಳ್ಳೆಯ ಎಕ್ಸ್ ಹೆಚ್ಚು ಕೋಶಗಳಲ್ಲಿ ಎಚ್ಚರವಿದ್ದರೆ ಮಟ್ಟ ಮೇಲೆ, ಮಲಗಿದ್ದರೆ ಕೆಳಗೆ. ಗಂಡಸಿಗೆ ಫ್ಯಾಕ್ಟರ್ 5ರಿಂದ 40 ಶೇಕಡಾ ಇದ್ದರೆ ಸೌಮ್ಯ ಹಿಮೋಫಿಲಿಯಾ ಎಂದು ಬರೆದು ಚಿಕಿತ್ಸೆ ಕೊಡುತ್ತಾರೆ. ಅದೇ 28 ಇದ್ದ ನನ್ನ ಅಮ್ಮ ಐವತ್ತು ವರ್ಷ 'ವಾಹಕಿ'ಯೂ ಅಲ್ಲ, 'ತಮ್ಮನಿಗೆ ಉಂಟು' ಅಷ್ಟೆ. 2021ರಲ್ಲಷ್ಟೇ ಅಂತರರಾಷ್ಟ್ರೀಯ ತಜ್ಞರ ಸಂಘ ಈ ಹೆಸರುಗಳನ್ನು ತಿದ್ದಿತು. 40ಕ್ಕಿಂತ ಕಡಿಮೆ ಇರುವ ಹೆಂಗಸನ್ನು ಇನ್ನು ಮೇಲೆ ಹಿಮೋಫಿಲಿಯಾ ಇರುವವಳೆಂದೇ ಕರೆಯಬೇಕು. ಅದಕ್ಕಿಂತ ಹೆಚ್ಚಿದ್ದೂ ರಕ್ತ ಹೋಗುವವರಿಗೆ ಬೇರೆ ಹೆಸರು, ಹೋಗದವರಿಗೆ ಬೇರೆ.

ಹೆಸರಿನಲ್ಲೇನಿದೆ ಎನ್ನುವವರು ಪಾಲುಪಟ್ಟಿ ಓದಬೇಕು. 'ಸಂತತಿ', 'ನಿಸ್ಸಂತತಿ' ಎಂಬೆರಡು ಶಬ್ದದ ಮೇಲೆ ಎಕರೆಗಟ್ಟಲೆ ಗದ್ದೆ ಕೈ ಬದಲಿಸಿದೆ. 'ವಾಹಕಿ' ಎಂಬ ಶಬ್ದದ ಅರ್ಥ ಹೊರುವವಳು, ದಾಟಿಸುವವಳು. ಹೊರೆ ಹೊತ್ತವಳಿಗೆ ಬೆನ್ನು ನೋಯುತ್ತದೆಯೇ ಎಂದು ಆ ಶಬ್ದ ಕೇಳುವುದಿಲ್ಲ. ಅಳಿಯಸಂತಾನದ ಕಡತಗಳಲ್ಲೂ ನಾನು ಕಾಣುವುದು ಇದನ್ನೇ. ಎಲ್ಲವೂ ಹೆಂಗಸಿನ ಮೂಲಕ ಎಂದು ಹೊರಗಿನವರು ಮೆಚ್ಚುತ್ತಾರೆ, ಆದರೆ ಹೆಚ್ಚಿನ ಕಡೆ ಯಜಮಾನಿಕೆ ಮಾಡಿದ್ದು ಅವಳ ಅಣ್ಣ, ಆಮೇಲೆ ಅವಳ ಮಗ. ಭೂತಾಳ ಪಾಂಡ್ಯನ ಐತಿಹ್ಯದಲ್ಲೂ ಅಷ್ಟೆ. ಕುಂಡೋದರ ಭೂತ ಬಲಿ ಕೇಳಿದಾಗ ರಾಜನ ಹೆಂಡತಿ ಮಕ್ಕಳನ್ನು ಕೊಡಲಿಲ್ಲ, ತಂಗಿ ಸತ್ಯವತಿ ತನ್ನ ಮಗನನ್ನು ಕೊಡಲು ಒಪ್ಪಿದಳು, ಅದಕ್ಕೆ ರಾಜ್ಯ ಅಳಿಯನಿಗೆ ಎಂದಾಯಿತು, ಅದೇ ಅಳಿಯಕಟ್ಟು. ಮಾವನ ಸಾಲಕ್ಕೆ ತಂಗಿಯ ಮಗನ ನೆತ್ತರು. ಕಥೆ ಅಳಿಯನ ಹೆಸರಲ್ಲಿ ನಿಂತಿತು. ಸತ್ಯವತಿಗೆ ಆ ರಾತ್ರಿ ಹೇಗಿತ್ತೋ ಯಾವ ಪಾಡ್ದನದಲ್ಲಾದರೂ ಬರುತ್ತದೆಯೇ ಎಂದು ನಾನು ಹುಡುಕುತ್ತಿದ್ದೇನೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ರಕ್ತಶಾಸ್ತ್ರ ತಜ್ಞರು ಫೈಬ್ರಾಯ್ಡನ್ನು ನೋಡಿ ಇದು ಇಷ್ಟು ರಕ್ತ ಹೋಗುವ ಗಾತ್ರದ್ದಲ್ಲ ಎಂದರು. ಟ್ರಾನೆಕ್ಸಾಮಿಕ್ ಆ್ಯಸಿಡ್ ಎಂಬ ಮಾತ್ರೆ ಕೊಟ್ಟರು, ಮುಟ್ಟಿನ ಮೊದಲ ನಾಲ್ಕು ದಿನ. ಅದು ಹೊಸ ಹೆಪ್ಪು ಕಟ್ಟುವುದಿಲ್ಲ, ಕಟ್ಟಿದ ಹೆಪ್ಪು ಬೇಗ ಕರಗದಂತೆ ಕಾಯುತ್ತದೆ. ಜೊತೆಗೆ ಕಬ್ಬಿಣದ ಮಾತ್ರೆ. ಎರಡನೆಯ ತಿಂಗಳಿಗೆ ಮುಟ್ಟು ಐದು ದಿನಕ್ಕೆ ಬಂತು. ಅಮ್ಮ ಆಶ್ಚರ್ಯದಿಂದ "ಬೇರೆಯವರಿಗೆಲ್ಲ ಇಷ್ಟೇಯಾ?" ಎಂದು ಕೇಳಿದರು. ಅಜ್ಜಿಗೂ ಹಾಗೇ ಹೋಗುತ್ತಿತ್ತು, ದೊಡ್ಡಮ್ಮನಿಗೂ ಹಾಗೇ. ನಮ್ಮ ಮನೆಯ ಹೆಂಗಸರ ದೇಹವೇ ಹಾಗೆ ಎಂದು ಎಲ್ಲರೂ ನಂಬಿದ್ದರು. ವಂಶಪಾರಂಪರ್ಯದ ರೋಗದ ಕಷ್ಟ ಇದು, ಹೋಲಿಸಿ ನೋಡಲು ಪಕ್ಕದಲ್ಲಿ ಇರುವವರಿಗೂ ಅದೇ ಇರುತ್ತದೆ. ಈಗ ಅಮ್ಮನ ಮುಟ್ಟು ನಿಂತಿದೆ, ಗರ್ಭಕೋಶ ಇದ್ದಲ್ಲಿಯೇ ಇದೆ. ಆ ಶಸ್ತ್ರಚಿಕಿತ್ಸೆ ಹೇಳಿದ ದಿನವೇ ಆಗಿದ್ದರೆ ಏನಾಗುತ್ತಿತ್ತು ಎಂದು ನಾವು ಮಾತಾಡುವುದಿಲ್ಲ.

ಆಮೇಲೆ ಉಳಿದವರ ಸರದಿ. ಮೊದಲು ಮಾವನ ರಕ್ತ ಪರೀಕ್ಷಿಸಿ ಜೀನಿನಲ್ಲಿ ಏನು ಕೆಟ್ಟಿದೆ ಎಂದು ಕಂಡುಕೊಂಡರೆ, ಹೆಂಗಸರಲ್ಲಿ ಅದೊಂದನ್ನೇ ಹುಡುಕಬಹುದು. ಮಾವನದ್ದು ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಸುಮಾರು 45 ಶೇಕಡಾ ಜನರಲ್ಲಿ ಕಾಣುವ ತೊಡಕು. ಜೀನಿನ ಒಂದು ತುಂಡು ಮುರಿದು ತಲೆಕೆಳಗಾಗಿ ಸೇರಿಕೊಂಡಿರುತ್ತದೆ. ಅಮ್ಮನಲ್ಲಿ ಅದು ಸಿಕ್ಕಿತು. ನನ್ನಲ್ಲೂ. ನನ್ನ ಫ್ಯಾಕ್ಟರ್ 54, ಸದ್ಯ ತೊಂದರೆಯಿಲ್ಲ. ನನ್ನ ತಮ್ಮನಿಗೆ ಅಮ್ಮನ ಒಳ್ಳೆಯ ಎಕ್ಸ್ ಹೋಗಿದೆ, ಅದು ಮೊದಲೇ ಗೊತ್ತಿತ್ತು.

ಅಳಿಯಸಂತಾನದ ಹೋಲಿಕೆ ಮುರಿಯುವುದು ಮಾವನ ಮಗಳ ಹತ್ತಿರ. ಅಳಿಯಕಟ್ಟಿನಲ್ಲಿ ಗಂಡಸಿನ ಮಕ್ಕಳಿಗೆ ಅವನ ಕುಟುಂಬದಿಂದ ಏನೂ ಇಲ್ಲ. ಅವಳ ಬಳಿ ಅವಳ ತಾಯಿಯದ್ದು, ನಮ್ಮದಲ್ಲ. ನಮ್ಮ ತರವಾಡಿನ ನೇಮದಲ್ಲಿ ಅವಳು ನೆಂಟಳು. ಆದರೆ ಗಂಡಸು ತನ್ನ ಒಂದೇ ಎಕ್ಸನ್ನು ಪ್ರತಿಯೊಬ್ಬ ಮಗಳಿಗೂ ಕೊಡಲೇಬೇಕು, ಕೊಡಲು ಬೇರೆ ಇಲ್ಲ. ಹಾಗಾಗಿ ಅಮ್ಮನಿಗೂ ನನಗೂ ಇದ್ದದ್ದು ಅರ್ಧಕ್ಕರ್ಧದ ಸಂಭವ, ಅವಳಿಗೆ ಖಚಿತ. ಅವಳಿಗೆ 21, ಬಿಕಾಂ ಕೊನೆಯ ವರ್ಷ. ಅವಳ ಅಪ್ಪನ ರೋಗದ ಬಗ್ಗೆ ಅವಳಷ್ಟು ತಿಳಿದವರು ಮನೆಯಲ್ಲಿ ಇಲ್ಲ. ಐಸ್ ಇಡುವುದು, ಫ್ಯಾಕ್ಟರ್ ಬಾಟಲಿ ಬೆರೆಸುವುದು, ನರ ಹುಡುಕಿ ಚುಚ್ಚುವುದು ಎಲ್ಲ ಹದಿನಾಲ್ಕರಿಂದ ಅವಳೇ. ಅವಳ ಸ್ವಂತ ಫ್ಯಾಕ್ಟರ್ ಎಷ್ಟೆಂದು ಯಾರೂ ಅಳೆದಿರಲಿಲ್ಲ. ಅಳೆದಾಗ 36. ಬುದ್ಧಿಹಲ್ಲು ತೆಗೆಸಲು ಹೊರಟಿದ್ದವಳು ಅದಕ್ಕೆ ಬೇಕಾದ ಸಿದ್ಧತೆ ಮಾಡಿಸಿಕೊಂಡು ತೆಗೆಸಿದಳು.

ಮದುವೆಯ ಮಾತು ಬಂದಾಗ ಇದನ್ನು ಹೇಳಬೇಕೋ ಬೇಡವೋ ಎಂಬುದರ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಅಮ್ಮನಿಗೆ ನಿಶ್ಚಿತಾರ್ಥದ ನಂತರ ಹೇಳಿದರೆ ಸಾಕು. ಸಂಬಂಧದೊಳಗೆ ಮದುವೆಯಾದದ್ದರಿಂದ ಹೀಗಾಯಿತು ಎಂದು ನೆರೆಯವರು ಆಡಿಕೊಳ್ಳುವುದುಂಟು. ಅದು ಈ ರೋಗಕ್ಕೆ ಅನ್ವಯಿಸುವುದಿಲ್ಲ. ನಾನು ನೆಂಟರನ್ನು ಮದುವೆಯಾದರೂ ಸರಿ, ನಾರ್ವೆಯವನನ್ನು ಮದುವೆಯಾದರೂ ಸರಿ, ಅವನಿಗೆ ಹಿಮೋಫಿಲಿಯಾ ಇಲ್ಲದಿದ್ದರೆ ಲೆಕ್ಕ ಒಂದೇ: ಪ್ರತಿ ಮಗನಿಗೂ ಅರ್ಧ ಸಂಭವ. ಇಡೀ ಪ್ರಪಂಚದಲ್ಲಿ ಹಿಮೋಫಿಲಿಯಾದ ಸುಮಾರು ಮೂರನೇ ಒಂದು ಭಾಗ ಕುಟುಂಬದಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿ ಕಾಣಿಸಿಕೊಳ್ಳುವಂಥದ್ದು.

ಗರ್ಭದ ಮೂರನೇ ತಿಂಗಳ ಹೊತ್ತಿಗೇ ಪರೀಕ್ಷಿಸಿ ತಿಳಿಯುವ ದಾರಿ ಇದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯ್ದೆಯೂ ಲಿಂಗಕ್ಕೆ ಅಂಟಿಬರುವ ಇಂಥ ಆನುವಂಶಿಕ ರೋಗಗಳ ಪತ್ತೆಗೆ ಅವಕಾಶ ಇಟ್ಟಿದೆ. ಇದನ್ನೊಮ್ಮೆ ಅಂಗಡಿಯಲ್ಲಿ ಕೂತು ಮಾವನಿಗೆ ಹೇಳಿದೆ. ಅವರು ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿದವರು ಹಾಗೇ ನಿಂತರು. "ಆ ಪರೀಕ್ಷೆ ಆಗ ಇದ್ದಿದ್ದರೆ ನಾನು ಇರ್ತಿರ್ಲಿಲ್ಲ ಅಲ್ವಾ ಮಗಾ" ಎಂದು ನಕ್ಕರು. ನಾನು ಉತ್ತರ ಕೊಡಲಿಲ್ಲ. ಅವರು ಮುಚ್ಚಳ ಮುಚ್ಚಿ ಮುಂದಿನ ಹಾಳೆ ತೆಗೆದರು. ಮತ್ತೆ ಸ್ವಲ್ಪ ಹೊತ್ತಿಗೆ ತಾವಾಗಿಯೇ ಹೇಳಿದರು, "ನಿನಗೆ ಬೇಕಾದರೆ ಮಾಡಿಸು. ನನ್ನ ಮುಖ ನೋಡಿ ಬಿಡಬೇಡ. ನನ್ನ ಕಾಲು ನೋಡಿ ಮಾಡಿಸಲೂ ಬೇಡ. ಈಗಿನ ಔಷಧ ಬೇರೆ." ಈ ವಿಷಯದಲ್ಲಿ ನಾನು ಓದಿದ ಯಾವ ಕೌನ್ಸೆಲಿಂಗ್ ಕೈಪಿಡಿಯೂ ಇಷ್ಟು ಸ್ಪಷ್ಟವಾಗಿಲ್ಲ. ನಾನಿನ್ನೂ ತೀರ್ಮಾನಿಸಿಲ್ಲ, ತೀರ್ಮಾನಿಸುವ ತುರ್ತೂ ಇಲ್ಲ. ನೋಡಲು ಬಂದವರಿಗೆ ಮೊದಲ ಭೇಟಿಯಲ್ಲೇ ಹೇಳುತ್ತೇನೆ ಎಂಬುದನ್ನು ಮಾತ್ರ ಅಮ್ಮನಿಗೆ ತಿಳಿಸಿದ್ದೇನೆ. ಇಬ್ಬರು ಕಾಫಿ ಕುಡಿದು ಹೋಗಿದ್ದಾರೆ.

ಸದ್ಯದ ಕೆಲಸ ಬೇರೆಯೇ ಇದೆ. ಪಾಲುಪಟ್ಟಿಗಳಿಗೆ ವಂಶವೃಕ್ಷ ಬರೆದು ರೂಢಿಯಾದ ಕೈ, ನಮ್ಮ ಕವರಿನದ್ದನ್ನೂ ಬರೆದೆ. ಅಜ್ಜಿಗೆ ಒಬ್ಬ ತಂಗಿ ಇದ್ದರು. ಹೋಟೆಲು ಕೆಲಸದ ಗಂಡನ ಜೊತೆ ಮುಂಬೈಗೆ ಹೋದವರು ಅಲ್ಲೇ ತೀರಿಕೊಂಡರು. ಅಜ್ಜಿಯ ತಾಯಿ ವಾಹಕಿ ಎಂಬುದರಲ್ಲಿ ಸಂಶಯವಿಲ್ಲದ್ದರಿಂದ ಆ ಚಿಕ್ಕಜ್ಜಿಗೂ ಅರ್ಧ ಸಂಭವ ಇತ್ತು, ಅವರ ಮೂವರು ಹೆಣ್ಣುಮಕ್ಕಳಿಗೆ ಕಾಲು. ಅವರಿಗೆ ಗಂಡುಮಕ್ಕಳು ಹುಟ್ಟಲಿಲ್ಲ, ಆದ್ದರಿಂದ ಆ ಕಡೆ ಯಾರೂ ಇದರ ಹೆಸರೇ ಎತ್ತಿಲ್ಲ. ಕಳೆದ ತಿಂಗಳು ಮೂವರು ಚಿಕ್ಕಮ್ಮಂದಿರಿಗೂ ಫೋನು ಮಾಡಿದೆ. ದೊಡ್ಡವರು "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ, ನೀನು ಓದು ಮುಗಿಸು ಮಾರಾಯ್ತಿ" ಎಂದರು. ಎರಡನೆಯವರು ಊರಿನ ನೇಮ ಯಾವಾಗ ಎಂದು ಕೇಳಿ ಮಾತು ತಿರುಗಿಸಿದರು. ಮೂರನೆಯವರು ಎಲ್ಲ ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಮಗಳಿಗೆ ಹದಿನಾಲ್ಕು, ತಿಂಗಳಿಗೆ ಎಂಟು ದಿನ ಶಾಲೆಗೆ ಹೋಗುವುದಿಲ್ಲ, ವಯಸ್ಸಿಗೆ ಬಂದ ಹೊಸತರಲ್ಲಿ ಹಾಗೇ ಎಂದು ಡಾಕ್ಟರು ಹೇಳಿದ್ದಾರೆ, ಆ ಪರೀಕ್ಷೆಯ ಹೆಸರು ಏನು ಹೇಳಿದೆ ನೀನು, ಇರು ಪೆನ್ನು ತರ್ತೇನೆ, ಎಂದರು. ನಾನು ನಿಧಾನವಾಗಿ ಹೇಳಿದೆ: ಎಪಿಟಿಟಿ ಅಂತ ಒಂದು ಬರೆಯುತ್ತಾರೆ ಚಿಕ್ಕಮ್ಮ, ಅದು ಸರಿಯಿದೆ ಎಂದು ಬಂದರೂ ಬಿಡಬೇಡಿ, ಅದು ಸರಿಯಿದ್ದೂ ಫ್ಯಾಕ್ಟರ್ ಕಡಿಮೆ ಇರಬಹುದು. ಫ್ಯಾಕ್ಟರ್ ಎಂಟು ಎಷ್ಟಿದೆ ಎಂದು ಅಳೆಯಲೇಬೇಕು ಎಂದು ಕೇಳಿ. ಎಂಟು, ರೋಮನ್ ಅಂಕಿಯಲ್ಲಿ ಬರೆದಿರುತ್ತಾರೆ, ಒಂದು ವಿ, ಆಮೇಲೆ ಮೂರು ಗೀಟು.